ಹಾಕಿ ಸ್ಟಿಕ್ ಹಿಡಿದು ಬಗ್ಗಿ ನೋಡಿ, ಆಮೇಲೆ ಹೊಲಿಯಿರಿ

ಬೇಸಿಗೆ ಬಂತೆಂದರೆ ಕೊಡಗಿನ ಮನೆಗಳಲ್ಲಿ ಹಾಕಿ ಸ್ಟಿಕ್ಕುಗಳು ಅಟ್ಟದಿಂದ ಕೆಳಗಿಳಿಯುತ್ತವೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದಾಗ ಬಂದದ್ದು 60 ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ! ಒಂದೇ ತಂಡದಲ್ಲಿ ಹದಿನಾಲ್ಕರ ಹುಡುಗಿಯೂ ಇರುತ್ತಾಳೆ, ಹೊಟ್ಟೆ ಬಂದ ಮಾವನೂ ಇರುತ್ತಾರೆ. ಜೆರ್ಸಿ ಮಾತ್ರ ಎಸ್, ಎಂ, ಎಲ್, ಎಕ್ಸ್‌ಎಲ್ ಎಂಬ ನಾಲ್ಕೇ ಅಳತೆಯಲ್ಲಿ ಬರುತ್ತದೆ.

ನನ್ನ ಅಕ್ಕನ ಮಗಳಿಗೆ ಹಾಗೆ ಬಂದ ಜೆರ್ಸಿಯ ಭುಜ ಮೊಣಕೈ ಹತ್ತಿರ ಇಳಿದಿತ್ತು, ಸೊಂಟದ ಕೆಳಗೆ ಮಾತ್ರ ಬಿಗಿ. ಗಂಡಸರ ಅಳತೆಗೆ ಕತ್ತರಿಸಿದ್ದನ್ನೇ ಚಿಕ್ಕದು ಮಾಡಿ ಕೊಟ್ಟಿದ್ದರು. ಸರಿ, ನಾನೇ ಹೊಲಿಯುತ್ತೇನೆ ಅಂತ ಕೂತೆ. ಬ್ಲೌಸ್ ಹೊಲಿದು ಗೊತ್ತಿತ್ತು, ಧೈರ್ಯವೂ ಜಾಸ್ತಿ ಇತ್ತು. ಕೈ ಚೆನ್ನಾಗಿ ಆಡಲಿ ಅಂತ ಕಂಕುಳನ್ನು ಒಂದೂವರೆ ಇಂಚು ಇಳಿಸಿ ಕತ್ತರಿಸಿದೆ. ಕನ್ನಡಿ ಮುಂದೆ ನಿಂತಾಗ ಚಂದವಾಗಿಯೇ ಇತ್ತು. ಮೈದಾನದಿಂದ ವಾಪಸ್ ಬಂದ ಹುಡುಗಿ ಹೇಳಿದ್ದು: "ಚಿಕ್ಕಮ್ಮಾ, ಕೈ ಎತ್ತಿದ್ರೆ ಇದು ನನ್ನನ್ನೇ ಎತ್ತುತ್ತೆ."

ಆಟದ ಟಾಪಿನ ಅಳತೆ ನೋಡಬೇಕಾದದ್ದು ನಿಂತಾಗ ಅಲ್ಲ, ಆಡುವಾಗ. ಮುಂದಿನದ್ದೆಲ್ಲ ಇದನ್ನು ತಲೆಯಲ್ಲಿಟ್ಟುಕೊಂಡೇ ಬರೆದದ್ದು.

ಬಟ್ಟೆ ಮತ್ತು ಸೂಜಿ

ಕೊಡಗಿನ ಮಳೆಯಲ್ಲಿ ಹತ್ತಿ ಬನಿಯನ್ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಜುಲೈ, ಆಗಸ್ಟ್‌ನ ಕೆಸರುಗದ್ದೆ ಆಟಕ್ಕಂತೂ ಹತ್ತಿ ಬೇಡವೇ ಬೇಡ. ಒದ್ದೆಯಾದರೆ ಭಾರವಾಗಿ ಮಂಡಿಗೆ ಇಳಿಯುತ್ತದೆ. ಅಂಗಡಿಯಲ್ಲಿ 'ಡ್ರೈ ಫಿಟ್' ಅಂತ ಕೇಳಿ. ಇದು ಪಾಲಿಯೆಸ್ಟರ್ ನೂಲಿನಲ್ಲಿ ಹೆಣೆದ ಬಟ್ಟೆ. ನೂಲು ಹೆಚ್ಚು ನೀರು ಹೀರಿಕೊಳ್ಳುವುದಿಲ್ಲ. ಹಾಗಾಗಿ ಬೆವರು ಮೇಲ್ಮೈಗೆ ಹರಡಿ ಬೇಗ ಆರುತ್ತದೆ. 140ರಿಂದ 180 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ) ತೂಕದ್ದು ಜೆರ್ಸಿಗೆ ಸರಿ. ಅದಕ್ಕಿಂತ ತೆಳುವಾದದ್ದು ಒದ್ದೆಯಾದಾಗ ಮೈಗಂಟಿ ಒಳಗಿನದೆಲ್ಲ ಕಾಣುತ್ತದೆ. ತಿಳಿ ಬಣ್ಣವಾದರೆ ಅಂಗಡಿಯಲ್ಲೇ ಅಂಗೈ ಮೇಲೆ ಹರಡಿ ನೋಡಿ. 58-60 ಇಂಚು ಪನ್ನದ (ಅಗಲದ) ಬಟ್ಟೆ ದೊಡ್ಡವರ ಒಂದು ಅರ್ಧ ತೋಳಿನ ಟಾಪಿಗೆ ಒಂದೂಕಾಲು ಮೀಟರ್ ಸಾಕು. ನಮ್ಮೂರಲ್ಲಿ ಸಿಗದಿದ್ದರೆ ಮೈಸೂರಿಗೆ ಹೋಗುವವರ ಹತ್ತಿರ ಹೇಳಿ ಕಳಿಸಿ, ಜತೆಗೆ ಬಣ್ಣದ ಚೂರನ್ನೂ ಕೊಡಿ. ನೀಲಿ ಅಂದರೆ ಒಬ್ಬೊಬ್ಬರಿಗೆ ಒಂದೊಂದು ನೀಲಿ.

ಬಟ್ಟೆಯ 4 ಇಂಚು ಅಗಲವನ್ನು ಎರಡು ಕೈಯಲ್ಲಿ ಹಿಡಿದು ಎಳೆಯಿರಿ. ಸುಲಭವಾಗಿ 5 ಇಂಚಿಗೆ ಬಂದು, ಬಿಟ್ಟಾಗ ವಾಪಸ್ 4 ಆಗಬೇಕು. ಹೆಚ್ಚು ಎಳೆಯುವ ದಿಕ್ಕು ಯಾವುದೋ ಅದು ಮೈ ಸುತ್ತ ಬರುವ ಹಾಗೆ ಕತ್ತರಿಸಬೇಕು. ಇದು ತಪ್ಪಿದರೆ ಮತ್ತೆ ಸರಿ ಮಾಡಲು ಬರುವುದಿಲ್ಲ.

ಮಾಮೂಲಿ ಸೂಜಿಯ ಚೂಪು ತುದಿ ಹೆಣಿಗೆಯ ಎಳೆಯನ್ನೇ ಚುಚ್ಚುತ್ತದೆ. ಹೊಲಿಗೆ ಬಿಟ್ಟು ಬಿಟ್ಟು ಬೀಳುವುದು, ಒಗೆದ ಮೇಲೆ ಸಣ್ಣ ತೂತು ಬೀಳುವುದು ಅದರಿಂದಲೇ. 'ಬಾಲ್ ಪಾಯಿಂಟ್ ಸೂಜಿ' ಅಂತ ಕೇಳಿ ತನ್ನಿ, 11ನೇ ನಂಬರು. ಅದರ ತುದಿ ದುಂಡಗಿರುವುದರಿಂದ ಎಳೆಗಳ ನಡುವೆ ಸರಿದು ಹೋಗುತ್ತದೆ. ಲೈಕ್ರಾ, ಅಂದರೆ ರಬ್ಬರಿನ ಹಾಗೆ ಎಳೆಯುವ ನೂಲು, ಜಾಸ್ತಿ ಇರುವ ಬಟ್ಟೆಗೆ 'ಸ್ಟ್ರೆಚ್ ಸೂಜಿ' ಬೇರೆಯೇ ಇದೆ. ದಾರ ಪಾಲಿಯೆಸ್ಟರಿನದೇ ಇರಲಿ. ಹತ್ತಿ ದಾರ ಎಳೆದರೆ ಪಟ್ಟನೆ ತುಂಡಾಗುತ್ತದೆ. ಮಳೆಗಾಲದಲ್ಲಿ ಇನ್ನೊಂದು ತೊಂದರೆ: ಮಷೀನಿನಲ್ಲೇ ಬಿಟ್ಟ ಸೂಜಿಗೆ ತುಕ್ಕು ಹಿಡಿದು ಬಿಳಿ ಬಟ್ಟೆ ಮೇಲೆ ಕಂದು ಚುಕ್ಕೆ ಬೀಳುತ್ತದೆ. ಮೊದಲು ಹಳೇ ಚಿಂದಿ ಮೇಲೆ ನಾಲ್ಕು ಗೆರೆ ಹೊಲಿದು ನೋಡಿ.

ಅಳತೆ ಮತ್ತು ಪೇಪರ್ ಕಟಿಂಗ್

ಚೆನ್ನಾಗಿ ಕೂರುವ ಒಂದು ಹಳೇ ಟೀ ಶರ್ಟ್ ಹುಡುಕಿ. ಅದನ್ನು ಉದ್ದಕ್ಕೆ ಸರಿಯಾಗಿ ಅರ್ಧ ಮಡಿಚಿ, ಪೇಪರ್ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ. ನೀವು ಓದುತ್ತಿರುವ ಈ ಪುರವಣಿಯೇ ಆದೀತು, ಓದಿ ಮುಗಿಸಿದ ಮೇಲೆ! ಹಿಂಭಾಗ, ಮುಂಭಾಗ, ತೋಳು, ಹೀಗೆ ಮೂರು ತುಂಡು ಬೇಕು.

ಆಮೇಲೆ ಟೇಪು ಹಿಡಿದು ಮೈಯ ಅಳತೆ ತೆಗೆಯಿರಿ. ಹೆಣ್ಣುಮಕ್ಕಳು ಆಡುವಾಗ ಒಳಗೆ ಹಾಕುವ ಸ್ಪೋರ್ಟ್ಸ್ ಬ್ರಾ ಹಾಕಿಕೊಂಡೇ ಅಳತೆ ಕೊಡಬೇಕು. ಮನೆಯಲ್ಲಿ ಹಾಕುವುದಕ್ಕೂ ಅದಕ್ಕೂ ಎದೆ ಸುತ್ತಳತೆ ಒಂದು ಇಂಚಿನವರೆಗೂ ವ್ಯತ್ಯಾಸ ಬರುವುದುಂಟು. ಎದೆ, ಸೊಂಟ, ಸೊಂಟದ ಕೆಳಗಿನ ಅಗಲವಾದ ಜಾಗ, ಭುಜ, ತೋಳಿನ ದಪ್ಪ ಬರೆದುಕೊಳ್ಳಿ. ಕೊನೆಯ ಅಳತೆಯನ್ನು ಟೈಲರ್‌ಗಳು ಸಾಮಾನ್ಯವಾಗಿ ತೆಗೆಯುವುದಿಲ್ಲ: ಸ್ಟಿಕ್ ಹಿಡಿದು ಚೆಂಡು ಹೊಡೆಯುವ ಹಾಗೆ ಬಗ್ಗಿ ನಿಂತಾಗ, ಕುತ್ತಿಗೆಯ ಹಿಂದಿನ ಮೂಳೆಯಿಂದ ಪ್ಯಾಂಟಿನ ಅಂಚು ಮುಚ್ಚುವವರೆಗೆ ಬೆನ್ನಿನ ಉದ್ದ. ನಿಂತ ಅಳತೆಗಿಂತ ಇದು ಜಾಸ್ತಿಯೇ ಬರುತ್ತದೆ. ಹಾಕಿ ಆಟ ಬಗ್ಗಿಯೇ ಆಡುವ ಆಟ. ಹಾಗಾಗಿ ನಾನು ಹಿಂಭಾಗವನ್ನು ಮುಂಭಾಗಕ್ಕಿಂತ ಒಂದೂವರೆ ಇಂಚು ಉದ್ದ ಬಿಡುತ್ತೇನೆ. ಕೆಳ ಅಂಚನ್ನು ಪಕ್ಕದಿಂದ ಹಿಂದಕ್ಕೆ ನಿಧಾನವಾಗಿ ಇಳಿಸಿದರೆ ನೋಡಲೂ ಚಂದ.

ಎದೆ 36 ಇಂಚು ಇದ್ದರೆ ಟಾಪು ಮುಗಿದಾಗ 40 ಇಂಚು ಇರಲಿ. ಅಂದರೆ ಮಡಿಚಿದ ಪೇಪರಿನಲ್ಲಿ ಕಾಲುಭಾಗ 10 ಇಂಚು, ಅದರ ಮೇಲೆ ಮಾರ್ಜಿನ್, ಅಂದರೆ ಹೊಲಿಗೆಗೆ ಬಿಡುವ ಹೆಚ್ಚಿನ ಬಟ್ಟೆ. ಓಟಕ್ಕೆ ಮೈಗಂಟಿದ ಟಾಪು ಬೇಕೆಂದರೆ ಲೈಕ್ರಾ ಬಟ್ಟೆ ತಗೊಂಡು, ಮೈಯ ಅಳತೆಯಷ್ಟೇ ಅಥವಾ ಒಂದೆರಡು ಇಂಚು ಕಡಿಮೆ ಇಡಬಹುದು. ಮಾರ್ಜಿನ್ ಅರ್ಧ ಇಂಚು ಸಾಕು. ಮೊದಲ ಸಲ ಮಾಡುವವರು ಎರಡು ಪಕ್ಕಗಳಲ್ಲಿ ಮಾತ್ರ ಒಂದು ಇಂಚು ಬಿಡಿ. ಕತ್ತಿಗೆ ಕಾಲು ಇಂಚು, ಕೆಳಗೆ ಒಂದು ಇಂಚು. ಮಕ್ಕಳದ್ದಾದರೆ ಕೆಳಗೆ ಎರಡು ಇಂಚು ಬಿಡಿ, ಮುಂದಿನ ವರ್ಷ ಬಿಚ್ಚಿ ಇಳಿಸಬಹುದು.

ಕಂಕುಳಿನ ಗುಟ್ಟು

ನಾನು ಕೆಟ್ಟದ್ದು ಇಲ್ಲೇ. ಕಂಕುಳ ಕೆಳಗಿಳಿದಷ್ಟೂ ಕೈಗೆ ಸಲೀಸು ಅಂತ ಎಲ್ಲರೂ ಅಂದುಕೊಳ್ಳುತ್ತೇವೆ. ಆಗುವುದು ಉಲ್ಟಾ. ಕಂಕುಳ ಇಳಿದರೆ ತೋಳು ಮತ್ತು ಪಕ್ಕದ ಹೊಲಿಗೆ ಸೇರುವ ಜಾಗವೂ ಕೆಳಗೆ ಹೋಗುತ್ತದೆ. ಕೈ ಎತ್ತಿದಾಗ ಆ ಜಾಗವನ್ನು ತೋಳು ಮೇಲಕ್ಕೆ ಎಳೆಯುತ್ತದೆ, ಅದರ ಹಿಂದೆ ಇಡೀ ಟಾಪು ಎದ್ದು ಬರುತ್ತದೆ. ಸಡಿಲ ಬೇಕಾದದ್ದು ತೋಳಿನಲ್ಲಿ. ಕಂಕುಳ ಮೈಗೆ ಹತ್ತಿರವೇ ಇರಬೇಕು.

ಹಾಗಾಗಿ ಪೇಪರಿನಲ್ಲಿ ಎರಡು ಬದಲಾವಣೆ ಮಾಡಿ. ಮುಂಭಾಗ, ಹಿಂಭಾಗ ಎರಡರಲ್ಲೂ ಕಂಕುಳಿನ ತುದಿಯನ್ನು ಅರ್ಧ ಇಂಚು ಮೇಲೆ ತನ್ನಿ. ತೋಳಿನ ತುಂಡಿನಲ್ಲಿ, ಭುಜಕ್ಕೆ ಸೇರುವ ಗುಂಡಗಿನ ಬಾಗಿದೆಯಲ್ಲ, ಅದರ ಎತ್ತರ ಅರ್ಧ ಇಂಚು ತಗ್ಗಿಸಿ ಎರಡೂ ಪಕ್ಕಕ್ಕೆ ಅರ್ಧರ್ಧ ಇಂಚು ಅಗಲ ಮಾಡಿ. ಬಾಗು ತಗ್ಗಿ ಅಗಲವಾದರೆ ಕೈ ಮೇಲೆತ್ತಲು ಬಟ್ಟೆ ಸಿಗುತ್ತದೆ. ಕೈ ಕೆಳಗಿಟ್ಟಾಗ ಕಂಕುಳ ಹತ್ತಿರ ಎರಡು ಮಡಿಕೆ ಕಾಣುತ್ತವೆ. ಅದು ಇರಲಿ. ಕೋಟ್‌ಗೆ ಅದು ತಪ್ಪು, ಆಟದ ಟಾಪಿಗೆ ಅದೇ ಬೇಕು.

ಈಗ ಟೇಪನ್ನು ಅಂಚಿನ ಮೇಲೆ ನಿಲ್ಲಿಸಿ ಎರಡೂ ಬಾಗುಗಳನ್ನು ಅಳೆಯಿರಿ. ತೋಳಿನ ಬಾಗು ಟಾಪಿನ ಕಂಕುಳ ಸುತ್ತಿನಷ್ಟೇ ಇರಬೇಕು, ಹೆಚ್ಚೆಂದರೆ ಅರ್ಧ ಇಂಚು ಜಾಸ್ತಿ. ಅದಕ್ಕಿಂತ ಜಾಸ್ತಿಯಾದರೆ ಭುಜದ ಮೇಲೆ ನೆರಿಗೆ ಏಳುತ್ತದೆ.

ಇನ್ನೊಂದು ದಾರಿಯೂ ಉಂಟು. ಹಳೇ ಜುಬ್ಬಾಗಳ ಕಂಕುಳಲ್ಲಿ ಚೌಕದ ಸಣ್ಣ ತುಂಡು ಇಟ್ಟಿರುತ್ತಿದ್ದರು, ನೋಡಿದ್ದೀರಾ? ಮೂರು ಇಂಚಿನ ಚೌಕವನ್ನು ಮೂಲೆ ಕೆಳಗಾಗಿ ಅಲ್ಲಿ ಸೇರಿಸಿದರೆ ಕೈ ಎಷ್ಟು ಬೇಕಾದರೂ ಆಡುತ್ತದೆ. ಗೋಲ್‌ಕೀಪರ್ ಟಾಪಿಗೆ ನಾನು ಇದನ್ನೇ ಮಾಡುವುದು. ಅವರು ಎದೆಗೆ ಗಾರ್ಡ್ ಕಟ್ಟಿ ಅದರ ಮೇಲೆ ಟಾಪು ಹಾಕುತ್ತಾರೆ. ಅಳತೆಯನ್ನೂ ಗಾರ್ಡ್ ಮೇಲೆಯೇ ತೆಗೆಯಬೇಕು. ಬಣ್ಣ ಎರಡೂ ತಂಡದ್ದಕ್ಕಿಂತ ಬೇರೆ ಇರಬೇಕೆಂಬ ನಿಯಮವಿದೆ, ಬಟ್ಟೆ ತರುವಾಗಲೇ ನೆನಪಿಡಿ.

ಕಚ್ಚಾ ಹೊಲಿದು ಆಡಿಸಿ ನೋಡುವುದು

ಬಟ್ಟೆ ಕತ್ತರಿಸಿದ ಮೇಲೆ ಭುಜ, ತೋಳು, ಪಕ್ಕ ಇಷ್ಟನ್ನು ಉದ್ದ ಹೊಲಿಗೆಯಲ್ಲಿ ಕಚ್ಚಾ ಸೇರಿಸಿ. ಹಾಕಿಕೊಂಡು ಅಂಗಳಕ್ಕೆ ಹೋಗಿ. ಸ್ಟಿಕ್ ಹಿಡಿದು ಬಗ್ಗಿ, ಎರಡೂ ಕೈ ಎತ್ತಿ, ಸೊಂಟ ತಿರುಗಿಸಿ, ನಾಲ್ಕು ಹೆಜ್ಜೆ ಓಡಿ. ಅಂಗಳದಲ್ಲಿ ಕಾಫಿ ಒಣಹಾಕಿದ್ದರೆ ಹಿತ್ತಲಿಗೆ ಹೋಗಿ! ಆಮೇಲೆ ಟಾಪನ್ನು ಸರಿ ಮಾಡಿಕೊಳ್ಳದೆ, ಹಾಗೆಯೇ ನಿಂತು ಇನ್ನೊಬ್ಬರಿಗೆ ತೋರಿಸಿ. ನಮಗೆ ಗೊತ್ತಿಲ್ಲದೇ ಕೈ ಹೋಗಿ ಕೆಳಗೆ ಎಳೆದುಕೊಂಡು ಬಿಡುತ್ತೇವೆ, ಆಗ ತಪ್ಪು ಕಾಣುವುದಿಲ್ಲ.

ಬಿಗಿಯಿರುವ ಕಡೆಗೆ ಬಟ್ಟೆಯೇ ಗೆರೆ ಎಳೆದು ಬೊಟ್ಟು ಮಾಡುತ್ತದೆ. ನಡೆದಂತೆಲ್ಲ ಕೆಳಗಿನ ಅಂಚು ಹತ್ತಿ ಸೊಂಟದಲ್ಲಿ ಮುದ್ದೆಯಾದರೆ ಸೊಂಟದ ಕೆಳಗೆ ಬಿಗಿ ಇದೆ ಅಂತ ಅರ್ಥ. ಬಿಟ್ಟ ಮಾರ್ಜಿನ್ನಿನಿಂದ ಸಡಿಲ ಮಾಡಿ, ಸಾಲದಿದ್ದರೆ ಪಕ್ಕದಲ್ಲಿ ಮೂರು ಇಂಚು ಸೀಳು ಬಿಡಿ. ಮುಂದೆ ಕತ್ತು ಒತ್ತಿ ಟಾಪು ಹಿಂದಕ್ಕೆ ಜಾರುತ್ತಿದ್ದರೆ ಮುಂಗತ್ತನ್ನು ಕಾಲು ಇಂಚು ಇಳಿಸಿ, ಮತ್ತೆ ಹಾಕಿ ನೋಡಿ. ಒಂದೇ ಸಲ ಇಂಚುಗಟ್ಟಲೆ ಕತ್ತರಿಸಬೇಡಿ. ಭುಜದ ಹೊಲಿಗೆ ತೋಳಿಗೆ ಇಳಿದಿದ್ದರೆ ಇಳಿದಷ್ಟನ್ನು ಕತ್ತರಿಸಿ.

ಎದೆಯಿಂದ ಕಂಕುಳಿಗೆ ಓರೆ ಗೆರೆ ಎದ್ದು, ಮುಂದಿನ ಅಂಚು ಮೇಲೇರಿದ್ದರೆ ಎದೆಗೆ ಜಾಗ ಸಾಲದು. ಬ್ಲೌಸಿನ ಹಾಗೆ ಟಕ್ಸ್ ಹಾಕುವುದು ಬೇಡ, ಬೆವರಿಗೆ ಉಜ್ಜಿ ಮೈ ಕೆರೆಯುತ್ತದೆ. ಮುಂಭಾಗದ ಪೇಪರನ್ನು ಎದೆಯ ಮಟ್ಟದಲ್ಲಿ ಅಡ್ಡ ಕತ್ತರಿಸಿ ಮುಕ್ಕಾಲು ಇಂಚು ಉದ್ದ ಸೇರಿಸಿ, ಪಕ್ಕಕ್ಕೆ ಅರ್ಧ ಇಂಚು ಅಗಲ ಕೊಡಿ, ಅದರಂತೆ ಮುಂಭಾಗವನ್ನು ಹೊಸದಾಗಿ ಕತ್ತರಿಸಿ. ಪಕ್ಕ ಹೊಲಿಯುವಾಗ ಮುಂಭಾಗದ ಆ ಹೆಚ್ಚಿನ ಉದ್ದವನ್ನು ಎದೆಯ ಮಟ್ಟದ ನಾಲ್ಕು ಇಂಚಿನೊಳಗೆ ಸ್ವಲ್ಪ ಸ್ವಲ್ಪವೇ ಕೂರಿಸಿಬಿಡಿ. ಹೆಣೆದ ಬಟ್ಟೆ ಇಷ್ಟನ್ನು ನುಂಗುತ್ತದೆ.

ಬೆನ್ನಿನ ಕೆಳಗೆ ನಿಂತಾಗ ಸ್ವಲ್ಪ ಬಟ್ಟೆ ಜೋತರೆ ಅದನ್ನು ಹಿಡಿಸಲು ಹೋಗಬೇಡಿ. ಬಗ್ಗಿದಾಗ ಖರ್ಚಾಗುವ ಬಟ್ಟೆ ಅದು.

ಹೊಲಿಗೆ

ಇದು ಬೇಗ ಮುಗಿಯುವ ಕೆಲಸ. ಜಿಗ್‌ಜಾಗ್ ಬರುವ ಮಷೀನಾದರೆ ಅಗಲ ಒಂದು ಮಿ.ಮೀ., ಉದ್ದ ಎರಡೂವರೆ ಇಡಿ. ನನ್ನದು ಕಾಲಿನಲ್ಲಿ ತುಳಿಯುವ ಹಳೇ ಕಪ್ಪು ಮಷೀನು, ನೇರ ಹೊಲಿಗೆ ಮಾತ್ರ. ಮಳೆಗೆ ಕರೆಂಟ್ ಹೋದರೂ ನಿಲ್ಲುವುದಿಲ್ಲ, ಅದೊಂದು ಸುಖ. ನೇರ ಹೊಲಿಗೆಯಾದರೆ ಹೊಲಿಗೆ ಚಿಕ್ಕದಿರಲಿ, ಮೇಲಿನ ದಾರದ ಬಿಗಿ ಸ್ವಲ್ಪ ಕಡಿಮೆ ಮಾಡಿ. ಬಟ್ಟೆಯನ್ನು ಮುಂದೆ ಹಿಂದೆ ಹಿಡಿದು ತುಸುವೇ ಬಿಗಿ ಮಾಡುತ್ತಾ ಹೊಲಿಯಿರಿ. ಪಕ್ಕದಲ್ಲೇ ಇನ್ನೊಂದು ಸಾಲು ಹಾಕಿ. ಜಾಸ್ತಿ ಎಳೆದರೆ ಹೊಲಿಗೆ ಹಪ್ಪಳದ ಅಂಚಿನ ಹಾಗೆ ಅಲೆಯಾಗುತ್ತದೆ. ಬಟ್ಟೆ ಮಷೀನಿನ ಹಲ್ಲಿಗೆ ಸಿಕ್ಕಿಹಾಕಿಕೊಂಡರೆ ಕೆಳಗೆ ತೆಳು ಕಾಗದ ಇಟ್ಟು ಹೊಲಿದು, ಆಮೇಲೆ ಹರಿದು ತೆಗೆಯಿರಿ. ಅಂಚಿಗೆ ಓವರ್‌ಲಾಕ್ (ನೂಲು ಬಿಡದ ಹಾಗೆ ಅಂಚು ಸುತ್ತುವ ಹೊಲಿಗೆ) ಬೇಕೆಂದರೆ ಪೇಟೆಯ ಟೈಲರ್ ಹತ್ತಿರ ಮಾಡಿಸಿ. ಹೆಣೆದ ಬಟ್ಟೆ ನೂಲು ಬಿಟ್ಟುಕೊಳ್ಳುವುದು ಕಡಿಮೆ, ಮಾಡಿಸದಿದ್ದರೂ ನಡೆಯುತ್ತದೆ.

ನಂಬರ್ ಅಂಟಿಸುವುದಿದ್ದರೆ ಹಿಂಭಾಗ ಬಿಡಿಯಾಗಿದ್ದಾಗಲೇ ಅಂಟಿಸಿ. ಆಮೇಲೆ ಭುಜ. ಅದರೊಳಗೆ ಸಣ್ಣ ಕಾಟನ್ ಟೇಪು ಸೇರಿಸಿ ಹೊಲಿದರೆ ಭುಜ ಜೋಲುವುದಿಲ್ಲ. ನಂತರ ಕತ್ತಿನ ಪಟ್ಟಿ. ಕತ್ತಿನ ಸುತ್ತು 18 ಇಂಚು ಬಂದರೆ ರಿಬ್ ಪಟ್ಟಿ (ಗೆರೆಗೆರೆಯಾಗಿ ಹೆಣೆದ, ಚೆನ್ನಾಗಿ ಎಳೆಯುವ ಪಟ್ಟಿ) ಸುಮಾರು 15 ಇಂಚು ಇರಲಿ. ಪಟ್ಟಿಯನ್ನು ಹೊಲಿಯುವ ಮೊದಲೇ ಬಳೆಯ ಹಾಗೆ ಪಿನ್ ಮಾಡಿ ತಲೆ ದಾಟಿಸಿ ನೋಡಿ. ಪಟ್ಟಿಯನ್ನೂ ಕತ್ತನ್ನೂ ನಾಲ್ಕು ಭಾಗ ಮಾಡಿ ಗುರುತಿಗೆ ಗುರುತು ಸೇರಿಸಿ, ಪಟ್ಟಿಯನ್ನು ಮಾತ್ರ ಎಳೆಯುತ್ತಾ ಹೊಲಿಯಿರಿ. ಪಟ್ಟಿ ಉದ್ದವಾದರೆ ಕತ್ತು ಬಾಯಿ ಬಿಟ್ಟುಕೊಂಡು ನಿಲ್ಲುತ್ತದೆ. ನೇರ ಹೊಲಿಗೆ ಇಲ್ಲಿ ತಲೆ ತೂರಿಸುವಾಗ ಕಿತ್ತು ಬರಬಹುದು. ಇದೊಂದನ್ನು ಮಾತ್ರ ನಾನು ಜಿಗ್‌ಜಾಗ್ ಇರುವ ಪಕ್ಕದ ಮನೆಗೆ ಹೋಗಿ ಹೊಲಿದು ತರುತ್ತೇನೆ. ಆಮೇಲೆ ತೋಳನ್ನು ಪಕ್ಕ ಸೇರಿಸುವ ಮೊದಲೇ ಕೂರಿಸಿ. ತೋಳಿನ ತುದಿಯಿಂದ ಕೆಳ ಅಂಚಿನವರೆಗೆ ಪಕ್ಕ ಒಂದೇ ಓಟದಲ್ಲಿ ಹೊಲಿಯಿರಿ. ಕೊನೆಗೆ ಅಂಚು ಮಡಿಚಿ.

ಒಗೆತದ ಬಗ್ಗೆ ಎರಡೇ ಮಾತು. ಕಂಫರ್ಟ್‌ನಂಥ ಮೆದುವಾಗಿಸುವ ದ್ರವ ಹಾಕಬೇಡಿ, ನೂಲಿನ ಮೇಲೆ ಪದರ ಕಟ್ಟಿ ಬೆವರು ಹರಡುವುದನ್ನು ತಡೆಯುತ್ತದೆ. ಮಳೆಗಾಲದಲ್ಲಿ ಒಲೆಯ ಮೇಲಿನ ಹಗ್ಗಕ್ಕೆ ಹಾಕುವ ಅಭ್ಯಾಸವಿದ್ದರೆ ಇದನ್ನು ಹಾಕಬೇಡಿ. ಕಿಡಿ ಹಾರಿದರೆ ಕರಗಿ ತೂತಾಗುತ್ತದೆ, ಹೊಗೆಯ ವಾಸನೆ ಹಿಡಿದರೆ ಬಿಡುವುದೂ ಇಲ್ಲ. ಫ್ಯಾನಿನ ಕೆಳಗೆ ಒಂದು ರಾತ್ರಿ ಸಾಕು.

ಪೇಪರ್ ಕಟಿಂಗ್‌ಗಳ ಮೇಲೆ ಹೆಸರು, ತಾರೀಕು, ಕಚ್ಚಾ ಹೊಲಿದಾಗ ಮಾಡಿದ ಬದಲಾವಣೆ ಎಲ್ಲ ಬರೆದು, ಸುರುಳಿ ಸುತ್ತಿ ಮುಚ್ಚಳವಿರುವ ಡಬ್ಬಿಯಲ್ಲಿಡಿ. ನಮ್ಮ ಶೀತಕ್ಕೆ ಹೊರಗಿಟ್ಟ ಪೇಪರಿಗೆ ಬೂಷ್ಟು ಬಂದುಬಿಡುತ್ತದೆ. ನನ್ನ ಡಬ್ಬಿಯಲ್ಲಿ ಅಕ್ಕನ ಮಗಳದ್ದೇ ಮೂರು ಸುರುಳಿ ಇವೆ, ಒಂದಕ್ಕಿಂತ ಒಂದು ಎರಡು ಇಂಚು ಉದ್ದ.