ಚರ್ಚಿಲ್‌ಗೆ ನಾವು ಜುಲೈನಲ್ಲಿ ಹೋದೆವು

ಕೆನಡಾದ ಹಡ್ಸನ್ ಕೊಲ್ಲಿಯ ದಡದಲ್ಲಿರುವ ಚರ್ಚಿಲ್‌ಗೆ ರಸ್ತೆಯೇ ಇಲ್ಲ. ವಿಮಾನದ ದರ ನೋಡಿ ಸುಮ್ಮನಾದೆವು. ವಿನ್ನಿಪೆಗ್‌ನಿಂದಲೇ ರೈಲು ಹತ್ತಿದರೆ ಎರಡು ದಿನ ಬೇಕು. ಹಾಗಾಗಿ ನಾನೂ ನನ್ನ ಹೆಂಡತಿಯೂ ಥಾಂಪ್ಸನ್‌ವರೆಗೆ ಕಾರಿನಲ್ಲಿ ಹೋಗಿ, ಅಲ್ಲಿಂದ ರಾತ್ರಿಯಿಡೀ ರೈಲಿನಲ್ಲಿ ಕೂತೆವು.

ನಮ್ಮ ಕಡೆಯ ಪ್ಯಾಸೆಂಜರ್ ಗಾಡಿಯೇ ವಾಸಿ ಅನ್ನಿಸುವಷ್ಟು ನಿಧಾನ. ತಪ್ಪು ರೈಲಿನದ್ದಲ್ಲ, ನೆಲದ್ದು. ಅಡಿಯ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿರುತ್ತದೆ, ಮೇಲಿನ ಪದರ ಮಾತ್ರ ಬೇಸಿಗೆಯಲ್ಲಿ ಕರಗಿ ಹಳಿ ಏರುಪೇರಾಗುತ್ತದೆ. ಪಕ್ಕದ ಹಳೇ ತಂತಿ ಕಂಬಗಳೂ ಮೂರು ಕಾಲಿನವು. ಒಂಟಿ ಕಂಬ ಹೂತರೆ ನೆಲವೇ ಅದನ್ನು ಮೇಲಕ್ಕೆ ತಳ್ಳಿಬಿಡುತ್ತದೆ.

"ಅಕ್ಟೋಬರ್, ನವೆಂಬರ್‌ನಲ್ಲಿ ಹೋಗಿ, ಹಿಮಕರಡಿ ಸಿಗುತ್ತೆ" ಅಂತ ಎಲ್ಲರೂ ಹೇಳಿದ್ದರು. ಆಗ ಕೊಲ್ಲಿ ಹೆಪ್ಪುಗಟ್ಟಲಿ ಅಂತ ಕರಡಿಗಳು ದಡದಲ್ಲಿ ಕಾಯುತ್ತವೆ, ನಿಜ. ಆದರೆ ಖರ್ಚೂ ಜಾಸ್ತಿ. ನಮಗೆ ಬೇಕಿದ್ದದ್ದು ಬೆಲುಗಾ ತಿಮಿಂಗಿಲ. ಬೇಸಿಗೆಯಲ್ಲಿ ಅವು ಸಾವಿರಗಟ್ಟಲೆ ಚರ್ಚಿಲ್ ನದಿಯ ಅಳಿವೆಗೆ ಬರುತ್ತವೆ.

ರಬ್ಬರ್ ದೋಣಿಯವನು ಎಂಜಿನ್ ಆರಿಸಿ, ನೀರಿಗೆ ಒಂದು ಮೈಕ್ ಇಳಿಬಿಟ್ಟ. ಸ್ಪೀಕರಿನಲ್ಲಿ ಸಿಳ್ಳೆ, ಚಿಲಿಪಿಲಿ, ಎಣ್ಣೆ ಕಾಣದ ಬಾಗಿಲಿನ ಕಿರ್ರ್. ಬಿಳಿ ಬೆನ್ನುಗಳ ಮಧ್ಯೆ ಒಂದು ಬೂದು ಮರಿ. ತಾಯಿ ಕತ್ತು ಹೊರಳಿಸಿ ನಮ್ಮನ್ನೇ ನೋಡಿತು. ತಿಮಿಂಗಿಲ ಕತ್ತು ಹೊರಳಿಸುವುದನ್ನು ನಾನು ಅಂದುಕೊಂಡೇ ಇರಲಿಲ್ಲ!

ಆಚೆ ದಡದಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಕೋಟೆ. 1731ರಲ್ಲಿ ಶುರುವಾದ ಕಲ್ಲಿನ ಕೆಲಸ ದಶಕಗಟ್ಟಲೆ ನಡೆಯಿತು. 1782ರಲ್ಲಿ ಫ್ರೆಂಚರು ಬಂದಾಗ ಒಳಗಿದ್ದ ಇಂಗ್ಲಿಷರು ಒಂದು ಗುಂಡೂ ಹಾರಿಸದೆ ಬಿಟ್ಟುಕೊಟ್ಟರು. ಆ ಫಿರಂಗಿಗಳ ನಡುವೆ ನಡೆಯುವಾಗ ನಮ್ಮ ಜೊತೆ ಕೋವಿ ಹಿಡಿದ ಕಾವಲುಗಾರ ಇದ್ದ. ಬೇಸಿಗೆಯಲ್ಲೂ ಕರಡಿ ಎದುರಾಗಬಹುದು. ಊರಿನಲ್ಲಿ ಎಷ್ಟೋ ಜನ ಕಾರಿಗೆ ಬೀಗ ಹಾಕುವುದಿಲ್ಲ. ಓಡಿ ಬಂದವರು ಒಳಗೆ ಹೊಕ್ಕಲಿ ಅಂತ.

ನಮ್ಮನ್ನು ಕಾಡಿದ್ದು ಮಾತ್ರ ಕರಡಿಯಲ್ಲ, ಸೊಳ್ಳೆ. ಮುಖಕ್ಕೆ ಬಲೆ ಇರುವ ಟೋಪಿ ತಗೊಂಡು ಹೋಗಿ. ನಾನು ತಗೊಂಡು ಹೋಗದೆ ಒಂದು ಕಣ್ಣು ಊದಿಸಿಕೊಂಡೆ.

ವಾಪಸ್ ರೈಲು ತಡ. ಸ್ಟೇಷನ್ನಿನ ಬೆಂಚಿನಲ್ಲಿ ಕೂತು ಇವಳು ಬೆಲುಗಾಗಳ ಸದ್ದನ್ನು ಮೈಸೂರಿನಲ್ಲಿರುವ ನಮ್ಮತ್ತೆಗೆ ಕಳಿಸಿದಳು. ತಕ್ಷಣ ಉತ್ತರ ಬಂತು: "ನಮ್ಮ ಗ್ರೈಂಡರ್ ಕೆಡೋ ಮುಂಚೆ ಹೀಗೇ ಕೂಗ್ತಿತ್ತು ಕಣೇ."