ಹುಲ್ಲಿನ ಪೆಂಡಿಯಿಂದ ಮನೆ ಕಟ್ಟುವುದು ಹೇಗೆ?

ಏಪ್ರಿಲ್ ಬಂತೆಂದರೆ ಕಲಬುರಗಿಯ ಸಿಮೆಂಟ್ ಮನೆಗಳ ಗೋಡೆ ರಾತ್ರಿ ಹನ್ನೊಂದಕ್ಕೂ ಬೆಚ್ಚಗಿರುತ್ತದೆ. ಹಗಲೆಲ್ಲ 42, 43 ಡಿಗ್ರಿ ಬಿಸಿಲು ಕುಡಿದು ರಾತ್ರಿ ಅದನ್ನು ಒಳಗೆ ಬಿಡುತ್ತದೆ. ಹಳೇ ಮಾಳಿಗೆ ಮನೆಗಳಲ್ಲಿ ಈ ಕಾಟ ಇರಲಿಲ್ಲ, ಗೋಡೆ ಅಷ್ಟು ದಪ್ಪ. ಈಗ ಅಷ್ಟು ಕಲ್ಲು, ಮಣ್ಣು ಹೊತ್ತು ಕಟ್ಟುವವರು ಯಾರು? ಅದಕ್ಕೇ ಒಂದೂವರೆ ಅಡಿ ದಪ್ಪದ ಹುಲ್ಲಿನ ಗೋಡೆ ಬಗ್ಗೆ ಹೇಳುತ್ತಿದ್ದೇನೆ. ನಗಬೇಡಿ. ಹುಲ್ಲು ಒತ್ತಿ ಕಟ್ಟುವ ಯಂತ್ರ ಬಂದ ಮೇಲೆ ಅಮೆರಿಕದ ನೆಬ್ರಾಸ್ಕಾದಲ್ಲಿ, ಮರವೇ ಸಿಗದ ಮರಳುಗುಡ್ಡದ ಸೀಮೆಯ ರೈತರು ಶುರು ಮಾಡಿದ ಕೆಲಸ ಇದು. ಅಲ್ಲಿನ ಆರ್ಥರ್ ಊರಲ್ಲಿ 1928ರಲ್ಲಿ ಹೀಗೆ ಕಟ್ಟಿದ ಚರ್ಚ್ ಇವತ್ತಿಗೂ ನಿಂತಿದೆ.

ಹುಲ್ಲಿನ ಮನೆ ಅಂದ ಕೂಡಲೇ ಎಲ್ಲರೂ ಕೇಳುವುದು ಬೆಂಕಿ ಬಗ್ಗೆ. ಹೆದರಬೇಕಾದ್ದು ನೀರಿಗೆ. ಮುಂದೆ ಹೇಳುವುದೆಲ್ಲ ಬಹುಪಾಲು ಹುಲ್ಲನ್ನು ಒಣಗಿಸಿಯೇ ಇಡುವ ಕೆಲಸ.

ಯಾವ ಹುಲ್ಲು?

ಜೋಳದ ಕಣಕಿ ಬೇಡ. ಅದು ದನದ ಬಾಯಿಗೆ ಹೋಗುವ ಮೇವು, ದಂಟೂ ದಪ್ಪ. ಶಹಾಪುರ, ಸುರಪುರದ ಕಡೆ ನಾರಾಯಣಪುರ ಕಾಲುವೆ ನೀರಲ್ಲಿ ಭತ್ತ ಬೆಳೆಯುತ್ತಾರಲ್ವಾ, ಆ ಹುಲ್ಲು ತನ್ನಿ. ಕೆಲವರು ಅದನ್ನು ಗದ್ದೆಯಲ್ಲೇ ಸುಟ್ಟುಬಿಡುತ್ತಾರೆ. ಭತ್ತದ ಹುಲ್ಲಿನಲ್ಲಿ ಸಿಲಿಕಾ ಜಾಸ್ತಿ, ಹಾಗಾಗಿ ಬೇಗ ಕೊಳೆಯುವುದಿಲ್ಲ. ಕೊಯ್ಯುವ ಗರಗಸ ಮಾತ್ರ ಬೇಗ ಮೊಂಡಾಗುತ್ತದೆ.

ಬೇಲರ್‌ನವರಿಗೆ, ಅಂದರೆ ಹುಲ್ಲು ಒತ್ತಿ ಪೆಂಡಿ ಕಟ್ಟುವ ಯಂತ್ರದವರಿಗೆ, ಮೊದಲೇ ಹೇಳಿ: ಉರುಟು ಪೆಂಡಿ ಬೇಡ, ಚೌಕದ್ದೇ ಬೇಕು, ಬಿಗಿಯಾಗಿ ಒತ್ತಿ, ನೈಲಾನ್ ಹಗ್ಗದಲ್ಲಿ ಕಟ್ಟಿ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, 14 ಇಂಚು ಎತ್ತರದ ಒಣ ಪೆಂಡಿ 16 ಕೆಜಿ ಆಸುಪಾಸು ತೂಗಬೇಕು. ತೀರಾ ಹಗುರ ಇದ್ದರೆ ಸಡಿಲವಾಗಿದೆ ಅಂತ ಅರ್ಥ, ತೀರಾ ಭಾರ ಇದ್ದರೆ ಒಳಗೆ ಹಸಿ ಇರಬಹುದು. ಹಗ್ಗ ಹಿಡಿದು ಎತ್ತಿದಾಗ ಪೆಂಡಿ ನಡುವೆ ಬಾಗಬಾರದು. ಉದ್ದ ಕಡ್ಡಿಯ ತೇವಾಂಶ ಮೀಟರ್ ಸಿಕ್ಕರೆ ಚುಚ್ಚಿ ನೋಡಿ. ಶೇಕಡಾ 15ರ ಒಳಗಿದ್ದರೆ ಚೆನ್ನ, 20 ದಾಟಿದ್ದನ್ನು ಇಳಿಸಿಕೊಳ್ಳಲೇಬೇಡಿ. ಮುಗ್ಗಲು ವಾಸನೆ ಬಂದರೂ ಅಷ್ಟೇ. ಕಾಳು ಉಳಿದಿದ್ದರೆ ಇಲಿಗೆ ನೀವೇ ಊಟಕ್ಕೆ ಕರೆದಂತೆ.

12 ಅಡಿ ಚೌಕದ ಒಂದು ಕೋಣೆಗೆ, ಒಂಬತ್ತು ಅಡಿ ಎತ್ತರಕ್ಕೆ, ಬಾಗಿಲು ಕಿಟಕಿ ಕಳೆದು ಸುಮಾರು 110 ಪೆಂಡಿ ಹಿಡಿಯುತ್ತವೆ. ಇನ್ನೊಂದು ಹತ್ತು ಹೆಚ್ಚಿಗೆ ತರಿಸಿ.

ಜಾಗ, ಪಾಯ

ಊರೊಳಗಿನ 30x40 ಸೈಟಿಗೆ ಇದು ಸರಿಹೋಗಲ್ಲ. ಎರಡು ಬದಿ ಗೋಡೆಗೇ ಮೂರು ಅಡಿ ಹೋಗುತ್ತದೆ. ಹೊಲದ ಮನೆಗೆ ಹೇಳಿ ಮಾಡಿಸಿದ್ದು. ಆದರೆ ಭೀಮಾ ದಂಡೆಯ ತಗ್ಗಿನಲ್ಲಿ, 2020ರ ಅಕ್ಟೋಬರ್ ನೆರೆಯಲ್ಲಿ ನೀರು ನಿಂತ ಜಾಗದಲ್ಲಿ, ದಯವಿಟ್ಟು ಬೇಡ.

ಎರೆಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಹಾಗಾಗಿ ಗಟ್ಟಿ ನೆಲ ಸಿಗುವವರೆಗೆ ಅಗೆಸಿ. ಶಹಾಬಾದ್ ಕಲ್ಲು ಕೈಗೆಟಕುವಷ್ಟು ಹತ್ತಿರ ಇದೆ, ಅದರಲ್ಲೇ ನೆಲಮಟ್ಟದಿಂದ ಎರಡು ಅಡಿ ಕಟ್ಟೆ ಎತ್ತಿ. ಮೇಲೆ ತೇವ ಏರದಂತೆ ಒಂದು ಪದರ ಹಾಕಿಸಿ, ಗೆದ್ದಲಿನ ಔಷಧ ಹಾಕಿಸಿ. ಪೆಂಡಿಯನ್ನು ನೇರ ಕಟ್ಟೆ ಮೇಲೆ ಇಡಬೇಡಿ. ಗೋಡೆಯ ಎರಡೂ ಅಂಚಿಗೆ ಮರದ ಪಟ್ಟಿ ಕೂರಿಸಿ, ನಡುವೆ ಜಲ್ಲಿ ತುಂಬಿ, ಅದರ ಮೇಲೆ ಪೆಂಡಿ. ಎಲ್ಲಿಂದಾದರೂ ನೀರು ಸೋರಿದರೆ ಹುಲ್ಲಿಗೆ ತಾಗದೆ ಜಲ್ಲಿಗೆ ಇಳಿಯುತ್ತದೆ. ಇಲಿ ನುಗ್ಗದಂತೆ ಬುಡದಲ್ಲಿ ಸಣ್ಣ ಕಣ್ಣಿನ ತಂತಿ ಬಲೆ.

ಮೊದಲು ಚಾವಣಿ, ಆಮೇಲೆ ಗೋಡೆ

ಇಲ್ಲಿ ಗೌಂಡಿ ನಿಮ್ಮ ಮುಖ ನೋಡುತ್ತಾನೆ, ನೋಡಲಿ. ಭಾರ ಹೊರುವುದು ಕಂಬ, ತೊಲೆ. ಹುಲ್ಲು ನಡುವಿನ ಜಾಗ ತುಂಬುತ್ತದೆ ಅಷ್ಟೇ. ಪೆಂಡಿಯ ಮೇಲೇ ಚಾವಣಿ ಕೂರಿಸುವ ಪದ್ಧತಿಯೂ ಇದೆ, ಆದರೆ ಮೊದಲ ಸಲ ಕಟ್ಟುವವರಿಗೆ ನಾನು ಹೇಳಲ್ಲ. ಕಂಬ ನಿಲ್ಲಿಸಿ, ಚಾವಣಿ ಮುಗಿಸಿ, ಎಲ್ಲ ಕಡೆ ಮೂರು ಅಡಿ ಹೊರಚಾಚು ಬಿಡಿಸಿ, ಆಮೇಲೆ ಪೆಂಡಿ ಲೋಡು ತರಿಸಿ. ಮೇಲೆ ಬರೀ ತಗಡು ಹೊದಿಸಿದರೆ ಗೋಡೆಗೆ ಹಾಕಿದ ದುಡ್ಡು ದಂಡ, ಬಿಸಿಲು ಮೇಲಿಂದಲೇ ಇಳಿಯುತ್ತದೆ. ತಗಡಿನ ಕೆಳಗೆ ಗಾಳಿಯಾಡಲು ಜಾಗ ಬಿಟ್ಟು ಒಂದು ಒಳಚಾವಣಿ ಬೇಕೇ ಬೇಕು.

ಪೆಂಡಿ ಜೋಡಿಸುವುದು

ಇಟ್ಟಿಗೆಯ ಹಾಗೇ, ಸಂದಿನ ಮೇಲೆ ಸಂದು ಬರಬಾರದು. ಮೂರ್ನಾಲ್ಕು ಸಾಲಿಗೊಮ್ಮೆ ಬಿದಿರು ಗೂಟ ಬಡಿದು ಪೆಂಡಿಗಳನ್ನು ಒಂದಕ್ಕೊಂದು ಸೇರಿಸಿ, ಕಂಬಕ್ಕೂ ಬಿಗಿಯಿರಿ. ಕಿಟಕಿ ಪಕ್ಕ ಅರ್ಧ ಪೆಂಡಿ ಬೇಕಾಗುತ್ತದೆ. ಸುಮ್ನೆ ಹಗ್ಗ ಕತ್ತರಿಸಿದರೆ ಇಡೀ ಪೆಂಡಿ ಬಿಚ್ಚಿ ಹರಡುತ್ತದೆ. ಚೀಲ ಹೊಲಿಯುವ ದಬ್ಬಣದ ತರಹದ್ದೇ, ಎರಡಡಿ ಉದ್ದದ ಕಬ್ಬಿಣದ ದಬ್ಬಣ ಮಾಡಿಸಿ. ಎಲ್ಲಿ ತುಂಡಾಗಬೇಕೋ ಅಲ್ಲಿ ಹೊಸ ಹಗ್ಗ ಪೋಣಿಸಿ ಆಚೆ ತೆಗೆಯಿರಿ. ಎರಡು ಕಡೆಯ ಭಾಗವನ್ನೂ ಬೇರೆ ಬೇರೆ ಬಿಗಿದು ಗಂಟು ಹಾಕಿ, ಕೊನೆಗೆ ಹಳೇ ಹಗ್ಗ ಕತ್ತರಿಸಿ. ಒಂದು ಪೆಂಡಿ ಎರಡಾಗಿ ನಿಲ್ಲುತ್ತದೆ.

ಸಂದುಗಳಿಗೆ ಮಣ್ಣಲ್ಲಿ ಅದ್ದಿದ ಹುಲ್ಲು ತುರುಕಿ. ನೀರಿನ ಪೈಪು ಈ ಗೋಡೆಯೊಳಗೆ ಬರಲೇಬಾರದು, ಬಚ್ಚಲು ಕಲ್ಲಿನ ಗೋಡೆಯದೇ ಇರಲಿ. ಕರೆಂಟ್ ವೈರ್ ಪೈಪಿನೊಳಗೆ ಹೋಗಲಿ. ಕಪಾಟು ತೂಗುಹಾಕುವ ಕಡೆ ಈಗಲೇ ಮರದ ಗೂಟ ಬಡಿದಿಡಿ.

ಗಿಲಾವು

ಸಿಮೆಂಟ್ ಗಿಲಾವು ಬೇಡ ಅಂದರೆ ಯಾರೂ ಒಪ್ಪಲ್ಲ. ಆದರೆ ಸಿಮೆಂಟಿಗೆ ಬಿರುಕು ಬಿದ್ದರೆ ಒಳಗೆ ಇಳಿದ ನೀರು ಹೊರಗೆ ಬರುವ ದಾರಿ ಇಲ್ಲ. ಮಣ್ಣು, ಸುಣ್ಣ ಉಸಿರಾಡುತ್ತವೆ. ಎರೆಮಣ್ಣು ಬಿರಿಯುತ್ತದೆ, ಕೆಂಪು ಮಣ್ಣು ತನ್ನಿ. ಬೀದರ್ ಕಡೆಯವರಿಗೆ ಅದು ಮನೆ ಬಾಗಿಲಲ್ಲೇ ಇದೆ. ಬಾಟಲಿಯಲ್ಲಿ ಮಣ್ಣು, ನೀರು ಹಾಕಿ ಕುಲುಕಿ ಒಂದು ದಿನ ಬಿಡಿ. ಕೆಳಗೆ ಮರಳು, ಮೇಲೆ ಜೇಡಿ ನಿಲ್ಲುತ್ತದೆ, ಮರಳು ಎಷ್ಟು ಸೇರಿಸಬೇಕು ಅಂತ ಅಂದಾಜು ಸಿಗುತ್ತದೆ. ಗೋಡೆಯ ಒಂದು ಮೂಲೆಗೆ ಎರಡಡಿ ಬಳಿದು ಒಣಗಿಸಿ ನೋಡಿ. ಬಿರುಕು ಬಂದರೆ ಇನ್ನಷ್ಟು ಮರಳು, ಉದುರಿದರೆ ಇನ್ನಷ್ಟು ಜೇಡಿ.

ಮೊದಲ ಕೋಟು ತೆಳ್ಳಗಿನ ರಾಡಿ. ಅಂಗೈಯಲ್ಲೇ ಹುಲ್ಲಿನೊಳಗೆ ತಿಕ್ಕಬೇಕು. ಕರಣೆಯಿಂದ ಬಳಿದರೆ ಮೇಲೆ ಮಾತ್ರ ಕೂರುತ್ತದೆ, ಒಣಗಿದ ಮೇಲೆ ಹಪ್ಪಳದಂತೆ ಎದ್ದು ಬರುತ್ತದೆ. ಎರಡನೆಯದು ಕತ್ತರಿಸಿದ ಹುಲ್ಲು ಕಲಸಿದ ಒಂದಿಂಚು ಮಣ್ಣು. ಕೊನೆಗೆ ತೆಳುವಾಗಿ ಮರಳು ಮಣ್ಣು, ಹೊರಗಡೆಗೆ ಸುಣ್ಣ. ಒಂದು ಪೂರ್ತಿ ಒಣಗುವವರೆಗೆ ಇನ್ನೊಂದು ಬೇಡ. ಡಿಸೆಂಬರಿನಲ್ಲಿ ಹುಲ್ಲು ಕೂಡಿಟ್ಟು ಮಾರ್ಚ್ ಒಳಗೆ ಗೋಡೆ ಎತ್ತಿದರೆ, ನಮ್ಮ ಬಿಸಿಲಿಗೆ ಜೂನ್ ಮಳೆಗೆ ಮುಂಚೆ ಎಲ್ಲ ಒಣಗಿರುತ್ತದೆ.

ಇನ್ನು ಬೆಂಕಿ. ಬಿಗಿದ ಪೆಂಡಿಯೊಳಗೆ ಗಾಳಿ ಆಡಲ್ಲ, ಮೇಲೆ ಗಿಲಾವು ಬೇರೆ. ಅಮೆರಿಕದಲ್ಲಿ ನಡೆದ ಪರೀಕ್ಷೆಯಲ್ಲಿ ಮಣ್ಣಿನ ಗಿಲಾವಿನ ಪೆಂಡಿ ಗೋಡೆ ಒಂದು ಗಂಟೆ ಬೆಂಕಿ ತಡೆದಿದೆ. 2015ರಲ್ಲಿ ಅಲ್ಲಿನ ಮಾದರಿ ಕಟ್ಟಡ ನಿಯಮಾವಳಿಗೆ ಈ ಪದ್ಧತಿ ಅನುಬಂಧವಾಗಿ ಸೇರಿತು. ಅಪಾಯ ಇರುವುದು ಕಟ್ಟುವಾಗ, ನೆಲದಲ್ಲಿ ಉದುರಿದ ಸಡಿಲ ಹುಲ್ಲಿಗೆ. ದಿನಾ ಸಂಜೆ ಗುಡಿಸಿಸಿ, ಬೀಡಿ ಸೇದುವವರನ್ನು ದೂರ ಕಳಿಸಿ, ಗಿಲಾವು ಮುಗಿಯುವವರೆಗೆ ಎತ್ತುಗಳನ್ನೂ ದೂರ ಕಟ್ಟಿ. ಬ್ಯಾಂಕ್ ಸಾಲ ನಂಬಿಕೊಂಡಿದ್ದರೆ ಪಾಯ ತೆಗೆಯುವ ಮೊದಲೇ ಹೋಗಿ ಕೇಳಿ, ಹುಲ್ಲಿನ ಗೋಡೆ ಅಂದರೆ ಫೈಲು ಪಕ್ಕಕ್ಕೆ ಸರಿಯಬಹುದು.

ಮೊದಲ ಮಳೆಗಾಲ ಕಳೆದ ಮೇಲೆ ಮಳೆ ಹೊಡೆಯುವ ಕಡೆಯ ಗೋಡೆಗೆ, ಕಿಟಕಿಯ ಕೆಳಗೆ, ಮೀಟರ್ ಚುಚ್ಚಿ ನೋಡಿ. 20 ದಾಟಿ ಇಳಿಯದೇ ಇದ್ದರೆ ಅಷ್ಟು ಭಾಗದ ಗಿಲಾವು ಕೆಡವಿ, ನೀರು ಬಂದ ದಾರಿ ಮುಚ್ಚಿ, ಕಪ್ಪಾದ ಹುಲ್ಲು ಕಿತ್ತು ಒಣ ಹುಲ್ಲು ತುಂಬಿ ಮತ್ತೆ ಮೆತ್ತಿಸಿ. ಹೆಚ್ಚಿಗೆ ತರಿಸಿದ ಆ ಹತ್ತು ಪೆಂಡಿಯನ್ನು ಅದಕ್ಕೇ ಮಳೆ ತಾಗದ ಕಡೆ ಎತ್ತಿಟ್ಟಿರಿ.