ಬಸ್ಯಾ ಯಾಕೆ ನೀರು ಸುರಿಯುತ್ತಿದ್ದ

ನನ್ನ ಮಕ್ಕಳ ಕಾದಂಬರಿಯ ಬಸ್ಯಾ ಒಂಬತ್ತನೇ ತರಗತಿಯವನು, ಕಬಡ್ಡಿ ತಂಡದ ನಾಯಕ. ಧಾರವಾಡದ ಕಡೆಯ ಒಂದು ವಸತಿ ಶಾಲೆ, ನಾನೇ ಕಲ್ಪಿಸಿಕೊಂಡದ್ದು. ಆರನೇ ತರಗತಿಗೆ ಹೊಸದಾಗಿ ಬಂದ ಸಿದ್ದುವಿನ ಟ್ರಂಕಿನ ಕೀಲಿ ಕಸಿಯುತ್ತಾನೆ, ಅವ್ವ ಕಟ್ಟಿಕೊಟ್ಟ ಶೇಂಗಾ ಉಂಡಿ ತಿಂದು ಡಬ್ಬಿಯಲ್ಲಿ ಹರಳು ತುಂಬಿಡುತ್ತಾನೆ. ನಸುಕಿನಲ್ಲಿ ಅವನ ಹಾಸಿಗೆಗೆ ನೀರು ಸುರಿದು "ಉಚ್ಚಿ ಸಿದ್ದ್ಯಾ" ಎಂದು ಕೂಗಿ ಇಡೀ ಕೋಣೆಯನ್ನು ಎಬ್ಬಿಸುತ್ತಾನೆ.

ಮೊದಲ ಕರಡಿನಲ್ಲಿ ಈ ಕ್ರೌರ್ಯಕ್ಕೆ ಕಾರಣವನ್ನೂ ಕೊಟ್ಟಿದ್ದೆ: ಅಪ್ಪ ಕುಡಿದು ಬಂದು ಹೊಡೆಯುತ್ತಾನೆ. ಒಂದು ಪುಟದ ನೆನಪು, ಕಣ್ಣೀರು, ಮುಗಿಯಿತು. ಅದನ್ನು ಒಂದು ಬೇಸಿಗೆ ಶಿಬಿರದಲ್ಲಿ ಮಕ್ಕಳಿಗೆ ಓದಿ ಹೇಳಿದೆ. ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಅವ್ರಪ್ಪ ಹೊಡಿತಾನ ಅಂದ್ರ ಇವನೂ ಹೊಡಿಬೇಕಲ್ರಿ ಸರ? ಹಾಸಿಗಿ ಮ್ಯಾಲೆ ನೀರ ಯಾಕ ಸುರಿತಾನ?"

ನನ್ನಲ್ಲಿ ಉತ್ತರ ಇರಲಿಲ್ಲ. ನೀರು ಸುರಿಯುವುದು ಹಾಸ್ಟೆಲ್ ಕೀಟಲೆ ಎಂದಷ್ಟೇ ಬರೆದಿದ್ದೆ. ಆ ರಾತ್ರಿ ಹಸ್ತಪ್ರತಿ ತೆಗೆದು ಬಸ್ಯಾನ ಮಾತು, ಬೈಗುಳ, ದಬ್ಬಾಳಿಕೆ ಎಲ್ಲವನ್ನೂ ಬದಿಗಿಟ್ಟು ಅವನ ಕೈ ಏನು ಮಾಡುತ್ತದೆ ಎನ್ನುವುದನ್ನು ಮಾತ್ರ ನೋಡುತ್ತಾ ಹೋದೆ. ನಸುಕು, ನೀರು, ಹಾಸಿಗೆ, "ಉಚ್ಚಿ" ಎಂಬ ಪದ. ಇನ್ನೊಬ್ಬರ ಹಾಸಿಗೆ ಒದ್ದೆಯಾದರೆ ಯಾರಿಗೆ ಲಾಭ? ತನ್ನ ಹಾಸಿಗೆ ಒದ್ದೆಯಾಗಿರುವವನಿಗೆ.

ಹದಿನಾಲ್ಕು ವರ್ಷದ ಕಬಡ್ಡಿ ನಾಯಕ ಹಾಗೆ ಮಾಡಿಕೊಳ್ಳುತ್ತಾನೆಯೇ ಎಂಬ ಅನುಮಾನ ನನಗೇ ಇತ್ತು. ಪರಿಚಯದ ಮಕ್ಕಳ ವೈದ್ಯರನ್ನು ಕೇಳಿದೆ. ಐದನೇ ವಯಸ್ಸಿನಲ್ಲಿ ನೂರಕ್ಕೆ 15 ಮಕ್ಕಳಿಗೆ ಇರುವ ಈ ತೊಂದರೆ 15ನೇ ವಯಸ್ಸಿನಲ್ಲೂ ನೂರಕ್ಕೆ ಒಬ್ಬಿಬ್ಬರಿಗೆ ಉಳಿದಿರುತ್ತದೆ, ಗಂಡುಹುಡುಗರಲ್ಲಿ ಹೆಚ್ಚು, ಅನೇಕ ಸಲ ಮನೆತನದಲ್ಲೇ ಬಂದಿರುತ್ತದೆ ಎಂದರು. ರಾತ್ರಿ ಮೂತ್ರ ಕಡಿಮೆ ಮಾಡುವ ವ್ಯಾಸೊಪ್ರೆಸಿನ್ ಹಾರ್ಮೋನು ಕೆಲವರಲ್ಲಿ ಸಾಕಷ್ಟು ಬರುವುದಿಲ್ಲ. ಮೂತ್ರಕೋಶ ತುಂಬಿದರೂ ನಿದ್ದೆ ಒಡೆಯುವುದಿಲ್ಲ. ಅಲಾರಂ, ಔಷಧಿ ಎಲ್ಲ ಇವೆ. ಆದರೆ ಹಠ ಹಿಡಿದು ನಿಲ್ಲಿಸಲು ಬರುವಂಥದ್ದಲ್ಲ. ಈ ಕೊನೆಯ ಮಾತು ಕೇಳಿದ ಕೂಡಲೇ ಬಸ್ಯಾ ನನಗೆ ಪೂರ್ತಿ ಕಂಡ. ಹಠದಿಂದ ಮೈದಾನದಲ್ಲಿ ಏಳು ಜನರನ್ನು ಎದುರಿಸುವ ಹುಡುಗ. ಆ ಹಠ ರಾತ್ರಿ ಅವನ ಕೈಬಿಡುತ್ತದೆ.

ಅಪ್ಪನ ಪುಟವನ್ನು ಹರಿದುಹಾಕಿದೆ. ಬಸ್ಯಾನ ಮನಸ್ಸಿನೊಳಗೆ ಹೊಕ್ಕು ಒಂದು ಸಾಲನ್ನೂ ಬರೆಯಬಾರದು ಎಂದು ನಿರ್ಧರಿಸಿದೆ. ಸಿದ್ದು ಕಂಡಷ್ಟೇ ಓದುಗನಿಗೂ ಕಾಣಬೇಕು, ಕಂಡದ್ದೆಲ್ಲ ಮೊದಲು ದುಷ್ಟತನ ಅನ್ನಿಸಬೇಕು. ರಾತ್ರಿ ಊಟದಲ್ಲಿ ಬಸ್ಯಾ ತನ್ನ ಪಾಲಿನ ಮಜ್ಜಿಗೆಯನ್ನು ಸಣ್ಣವನೊಬ್ಬನ ಅನ್ನಕ್ಕೆ ಸುರಿದು ಕೆಡಿಸುತ್ತಾನೆ. ಬಾಗಿಲ ಪಕ್ಕದ ಜಾಗಕ್ಕೆ ಹೊಡೆದಾಡುತ್ತಾನೆ. ಬಾದಾಮಿ, ಪಟ್ಟದಕಲ್ಲು, ವಿಜಯಪುರಕ್ಕೆ ಎರಡು ರಾತ್ರಿಯ ಪ್ರವಾಸ ಎಂದಾಗ ಹಿಂದಿನ ದಿನವೇ ಒಬ್ಬನ ಮೂಗು ಒಡೆಯುತ್ತಾನೆ; ಹೆಡ್‌ಮಾಸ್ತರು ಅವನನ್ನು ಪ್ರವಾಸದಿಂದ ಕೈಬಿಡುತ್ತಾರೆ. ಬಸ್ಸು ಹೊರಟಾಗ ಗೇಟಿನ ಬಳಿ ನಿಂತ ಬಸ್ಯಾನ ಮುಖದಲ್ಲಿ ಸಿಟ್ಟಿಲ್ಲ, ಹಗುರವಾದವನ ಮುಖ. ಸಿದ್ದುವಿಗೆ ಅದು ಅರ್ಥವಾಗುವುದಿಲ್ಲ. ಈ ಅಧ್ಯಾಯವನ್ನು ಬರೆಯುವಾಗ ನನ್ನ ಕೈ ನಡುಗಿತು. ಪ್ರವಾಸ ತಪ್ಪಿಸಿಕೊಳ್ಳಲು ಇನ್ನೊಬ್ಬನ ರಕ್ತ ಸುರಿಸುವಷ್ಟು ದೊಡ್ಡ ಭಯವನ್ನು ಒಂದು ಮಗು ಒಬ್ಬಂಟಿಯಾಗಿ ಹೊತ್ತಿದೆಯಲ್ಲ.

ಕಷ್ಟವಾದದ್ದು ಗುಟ್ಟು ಸಿದ್ದುವಿಗೆ ತಿಳಿಯುವ ದೃಶ್ಯ. ಬೆಳಗಿನ ನಾಲ್ಕು ಗಂಟೆ, ಬಚ್ಚಲುಮನೆಯ ಹಿಂದೆ ಬಸ್ಯಾ ತನ್ನ ಕೌದಿಯನ್ನು ಹಿಂಡುತ್ತಿದ್ದಾನೆ. ಹಳೆ ಸೀರೆಗಳನ್ನು ಪದರ ಪದರವಾಗಿ ಇಟ್ಟು ಅವನಜ್ಜಿ ಹೊಲಿದದ್ದು. ಒದ್ದೆಯಾದರೆ ಕಲ್ಲಿನ ಭಾರ, ಹಿಂಡಲು ಇಬ್ಬರು ಬೇಕು. ಮೊದಲ ಸಲ ಬರೆದಾಗ ಸಿದ್ದು ಹೋಗಿ ಇನ್ನೊಂದು ತುದಿ ಹಿಡಿದ. ಬರೆದು ಮುಗಿಸಿ ಅತ್ತೆ ಕೂಡ. ಮಾರನೆಯ ದಿನ ಓದಿದಾಗ ಸಿದ್ದುವಿಗೆ ಅನ್ಯಾಯ ಮಾಡಿದ್ದೇನೆ ಅನ್ನಿಸಿತು. ಎರಡು ತಿಂಗಳು "ಉಚ್ಚಿ" ಅನ್ನಿಸಿಕೊಂಡ ಹನ್ನೊಂದು ವರ್ಷದ ಹುಡುಗ ಅವನು. ಬಸ್ಯಾನ ಭಯ ನನಗೆ ಅರ್ಥವಾಗಿದೆ ಎಂದ ಮಾತ್ರಕ್ಕೆ ಸಿದ್ದು ಯಾಕೆ ಕರಗಬೇಕು? ಆ ಸಾಲು ಹೊಡೆದುಹಾಕಿದೆ. ಈಗ ಸಿದ್ದು ಕಂಬದ ಮರೆಯಲ್ಲಿ ನಿಂತು ನೋಡಿ ಹಿಂತಿರುಗಿ ಹೋಗಿ ಮಲಗುತ್ತಾನೆ. ಯಾರಿಗೂ ಹೇಳುವುದಿಲ್ಲ. ಹೇಳಬಹುದಿತ್ತು ಎನ್ನುವುದು ಅವನಿಗೆ ಗೊತ್ತು. ನಾಲ್ಕು ದಿನದ ಬಳಿಕ ಅವನು ನೋಡಿದ್ದ ಎನ್ನುವುದು ಬಸ್ಯಾನಿಗೂ ಗೊತ್ತಾಗುತ್ತದೆ.

ಕೊನೆಯ ಅಧ್ಯಾಯದಲ್ಲಿ ಊಟದ ಸಾಲಿನಲ್ಲಿ ಯಾರೋ ಮತ್ತೆ "ಉಚ್ಚಿ ಸಿದ್ದ್ಯಾ" ಎನ್ನುತ್ತಾರೆ. ಬಸ್ಯಾ ತಟ್ಟೆ ಕೆಳಗಿಟ್ಟು, "ಅವ ಮಾಡ್ಕೊಂಡಿಲ್ಲ. ನೀರ ಸುರದಾಂವ ನಾನು" ಎನ್ನುತ್ತಾನೆ. ತನ್ನ ಬಗ್ಗೆ ಏನೂ ಹೇಳುವುದಿಲ್ಲ. ನಾನೂ ಹೇಳಿಸಲಿಲ್ಲ. ಸಿದ್ದು ತಲೆ ಎತ್ತಿ ಅವನನ್ನು ನೋಡುತ್ತಾನೆ.

"ನನ್ನ ಕೌದಿ ಒಣಗಾಕ ಎರಡ ದಿನ ಹತ್ತತಿತ್ತು" ಎನ್ನುತ್ತಾನೆ.